ಇದು ಬರೀ ಸೊಪ್ಪಲ್ಲ



ನಮ್ಮ ಕಲಿಕಾ ಕೇಂದ್ರದ ಒಂದು ಸಂಗತಿ ಹೇಳುತ್ತೇನೆ, ಕೇಳಿ.

ನಮ್ಮ ಕೇಂದ್ರಕ್ಕೆ ದಿನಾ ಸಂಜೆ ಒಬ್ಬ ಅಕ್ಕ ಬರುತ್ತಿದ್ದರು. ಕೂಲಿ ಮುಗಿಸಿ, ಕೈಕಾಲು ತೊಳೆದು, ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದರು. ಒತ್ತಕ್ಷರ ಓದುವಷ್ಟು ಕಲಿತಿದ್ದರು. ಒಂದು ವಾರ ಅವರು ಬರಲೇ ಇಲ್ಲ. ಎಂಟನೇ ದಿನ ಬಂದರು. ಪುಸ್ತಕ ತೆರೆಯಲಿಲ್ಲ. ಸುಮ್ಮನೆ ಗೋಡೆಗೆ ಒರಗಿ ಕೂತರು.

“ಯಾಕಕ್ಕ, ಹುಷಾರಿಲ್ವಾ?” ಅಂದೆ.

“ನಂಗೇನೂ ಆಗಿಲ್ಲ ಟೀಚರಮ್ಮ. ನನ್ನ ಮಗನಿಗೆ ಗಾಳಿ ಸೋಕಿದೆ” ಅಂದರು.

ಮಗನಿಗೆ 19 ವರ್ಷ. ಪಿಯುಸಿ ಓದುತ್ತಿದ್ದವನು ಅರ್ಧಕ್ಕೆ ಬಿಟ್ಟಿದ್ದ. ರಾತ್ರಿಯೆಲ್ಲ ಎದ್ದಿರುತ್ತಾನೆ. ಒಬ್ಬನೇ ನಗುತ್ತಾನೆ. ದಾರಿಯಲ್ಲಿ ಹೋಗುವವರೆಲ್ಲ ನನ್ನನ್ನೇ ಆಡಿಕೊಳ್ಳುತ್ತಾರೆ ಅನ್ನುತ್ತಾನೆ.

“ತಟ್ಟೆಗೆ ಹಾಕಿದ ಮುದ್ದೆ ಮುಟ್ಟಲ್ಲ. ಇದರಲ್ಲಿ ವಿಷ ಹಾಕಿದ್ದೀಯ ಅಂತಾನೆ. ನಾನು ಹೆತ್ತ ತಾಯಿ ಟೀಚರಮ್ಮ” ಅಂತ ಆ ಅಕ್ಕ ಸೆರಗು ಬಾಯಿಗಿಟ್ಟುಕೊಂಡರು.

ತಾಯಿತ ಕಟ್ಟಿಸಿದ್ದರು. ಕಿವಿಯ ಓಲೆ ಗಿರವಿ ಇಟ್ಟು ಮಂತ್ರ ಹಾಕಿಸಿದ್ದರು. ಹೀಗೇ ಆರು ತಿಂಗಳು ಕಳೆದಿತ್ತು.

ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಅಕ್ಕ ಮೆಲ್ಲಗೆ ಹೇಳಿದರು. “ಗಾಳಿನೂ ಇಲ್ಲ, ದೆವ್ವಾನೂ ಇಲ್ಲ. ಅವನು ಎರಡು ವರ್ಷದಿಂದ ಕೆರೆ ಏರಿ ಮೇಲೆ ಹುಡುಗರ ಜೊತೆ ಸೊಪ್ಪು ಸೇದ್ತಾನೆ. ಊರಿಗೆಲ್ಲ ಗೊತ್ತು.”

“ಅದು ನಂಗೂ ಗೊತ್ತು” ಅಂದರು ತಾಯಿ. “ಸೊಪ್ಪು ತಾನೆ? ಕುಡಿಯೋದು ಕಲಿತಿಲ್ವಲ್ಲ, ಅಷ್ಟೇ ಸಾಕು ಅಂತ ಸುಮ್ಮನಿದ್ದೆ.”

ನಾನು ಡಿ.ಎಡ್. ಓದಿದ ಶಾಲಾ ಶಿಕ್ಷಕಿ. ಡಾಕ್ಟರಲ್ಲ. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವಾರ ಆ ತಾಯಿ ಮಗನ ಜೊತೆ ನಾನೂ ಜಿಲ್ಲಾ ಆಸ್ಪತ್ರೆಗೆ ಹೋದೆ. ಅಲ್ಲಿ ಮನೋವೈದ್ಯರಿಂದ ಕೇಳಿದ್ದು, ಆಮೇಲೆ ನಾನು ಓದಿ ತಿಳಿದದ್ದು, ಎರಡನ್ನೂ ಇಲ್ಲಿ ಬರೆದಿದ್ದೇನೆ. “ನನ್ನ ಹೆಸರು ಹಾಕಬೇಡಿ ಟೀಚರಮ್ಮ. ಆದ್ರೆ ಸಂಗತಿ ಹಾಕಿ. ಇನ್ನೊಬ್ಬ ತಾಯಿ ಆರು ತಿಂಗಳು ಕಳ್ಕೊಳ್ಳೋದು ಬೇಡ” ಅಂತ ಆ ಅಕ್ಕನೇ ಹೇಳಿದರು.

ಗಾಂಜಾ ಅಂದರೇನು?

ಗಾಂಜಾ ಒಂದು ಗಿಡ. ಈ ಗಿಡದಿಂದ ಮೂರು ಬಗೆಯ ಅಮಲು ಪದಾರ್ಥ ಸಿಗುತ್ತದೆ.

ಎಲೆಯನ್ನು ಅರೆದು ಕುಡಿದರೆ, ತಿಂದರೆ ಅದು ಭಂಗಿ.

ಹೂವಿನ ತೆನೆಯನ್ನು ಒಣಗಿಸಿ ಸೇದಿದರೆ ಅದು ಗಾಂಜಾ. ಇದನ್ನೇ ಹುಡುಗರು ಗುಟ್ಟಾಗಿ ಸೊಪ್ಪು ಅನ್ನುತ್ತಾರೆ.

ಗಿಡದ ಅಂಟನ್ನು ಕೂಡಿಸಿ ಉಂಡೆ ಮಾಡಿದರೆ ಅದು ಚರಸ್.

ಹೆಸರು ಮೂರು. ಒಳಗಿರುವ ಅಮಲು ಒಂದೇ. ಆ ಅಮಲಿನ ಪದಾರ್ಥಕ್ಕೆ ಟಿ.ಎಚ್.ಸಿ. ಅಂತ ಹೆಸರು. 1964ರಲ್ಲಿ ಇಸ್ರೇಲ್ ದೇಶದ ವಿಜ್ಞಾನಿಗಳು ಇದನ್ನು ಬೇರ್ಪಡಿಸಿ ತೋರಿಸಿದರು. ಎಲೆಯಲ್ಲಿ ಇದು ಕಡಿಮೆ. ಹೂವಿನಲ್ಲಿ ಹೆಚ್ಚು. ಅಂಟಿನಲ್ಲಿ ಇನ್ನೂ ಹೆಚ್ಚು.

ನಮ್ಮ ದೇಶದಲ್ಲಿ ಎಷ್ಟು ಜನ ಇದನ್ನು ಬಳಸುತ್ತಾರೆ? ಕೇಂದ್ರ ಸರ್ಕಾರ 2018ರಲ್ಲಿ ದೇಶದ ಎಲ್ಲ ರಾಜ್ಯಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿಸಿತು. 2019ರಲ್ಲಿ ವರದಿ ಬಂತು. ಸುಮಾರು 3 ಕೋಟಿ 10 ಲಕ್ಷ ಜನ ಒಂದು ವರ್ಷದಲ್ಲಿ ಭಂಗಿ, ಗಾಂಜಾ ಇಲ್ಲವೆ ಚರಸ್ ಬಳಸಿದ್ದರು. ಅವರಲ್ಲಿ 72 ಲಕ್ಷ ಜನರಿಗೆ ಇದರಿಂದ ತೊಂದರೆಯಾಗಿ ಸಹಾಯ ಬೇಕಾಗಿತ್ತು. ನೋಡಿ, ಇದು ಒಂದು ಮನೆಯ ಕಥೆಯಲ್ಲ.

ಸೇದಿದಾಗ ಏನಾಗುತ್ತೆ?

ಹೊಗೆ ಪುಪ್ಪುಸಕ್ಕೆ ಹೋಗುತ್ತದೆ. ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ. ಇದಕ್ಕೆ ಕೆಲವೇ ನಿಮಿಷ ಸಾಕು. ಅಮಲು ಎರಡು ಮೂರು ಗಂಟೆ ಇರುತ್ತದೆ.

ಕಣ್ಣು ಕೆಂಪಾಗುತ್ತದೆ. ಬಾಯಿ ಒಣಗುತ್ತದೆ. ಹಸಿವು ಹೆಚ್ಚುತ್ತದೆ. ಎದೆ ಡವಡವ ಅನ್ನುತ್ತದೆ. ನಾಡಿ ನಿಮಿಷಕ್ಕೆ 20ರಿಂದ 50 ಬಡಿತ ಹೆಚ್ಚಾಗಬಹುದು. ಹೃದಯದ ಕಾಯಿಲೆ ಇರುವವರಿಗೆ ಇದು ಅಪಾಯ.

ಕೆಲವರಿಗೆ ಹಾಯೆನಿಸುತ್ತದೆ. ನಗು ಬರುತ್ತದೆ. ಕೆಲವರಿಗೆ ವಿಪರೀತ ಭಯ ಆಗುತ್ತದೆ. ಯಾರೋ ಹಿಂದೆ ಬಂದ ಹಾಗೆ ಅನಿಸುತ್ತದೆ.

ಹೊತ್ತು, ದೂರ, ವೇಗ ಇವುಗಳ ಅಂದಾಜು ತಪ್ಪುತ್ತದೆ. ಎದುರಿಗೆ ದನ ಬಂದರೆ ಬ್ರೇಕ್ ಒತ್ತಲು ತಡವಾಗುತ್ತದೆ. ಆದ್ದರಿಂದ ಗಾಂಜಾ ಸೇದಿ ಬೈಕು, ಆಟೋ, ಟ್ರ್ಯಾಕ್ಟರ್ ಓಡಿಸಬಾರದು. ಜೊತೆಗೆ ಹೆಂಡವೂ ಸೇರಿದರೆ ಅಪಾಯ ಇನ್ನೂ ಹೆಚ್ಚು.

ಭಂಗಿ ತಿಂದರೆ, ಕುಡಿದರೆ ಲೆಕ್ಕ ಬೇರೆ. ಅಮಲು ತಕ್ಷಣ ಏರುವುದಿಲ್ಲ. ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. “ಏನೂ ಆಗಲಿಲ್ವಲ್ಲ” ಅಂತ ಇನ್ನೂ ಒಂದು ಲೋಟ ಕುಡಿಯುತ್ತಾರೆ. ಆಮೇಲೆ ಎಲ್ಲ ಒಟ್ಟಿಗೆ ಏರುತ್ತದೆ. ಇಳಿಯಲು ಆರೆಂಟು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಬೇಕು.

ಒಂದು ಎಚ್ಚರಿಕೆ. ಭಂಗಿಯನ್ನು ಚಾಕೊಲೇಟಿನ ಹಾಗೆ ಸುತ್ತಿಯೂ ಮಾರುತ್ತಾರೆ. 2023ರಲ್ಲಿ ಮಂಗಳೂರಿನ ಪೊಲೀಸರು ಅಂಗಡಿಗಳಲ್ಲಿ ಇಂಥ ಚಾಕೊಲೇಟ್ ಹಿಡಿದರು. ಮಕ್ಕಳ ಕೈಗೆ ಸಿಕ್ಕರೆ ಅವರು ಮಿಠಾಯಿ ಅಂತ ತಿನ್ನುತ್ತಾರೆ. ಮಗು ತೂರಾಡಿದರೆ, ಎಬ್ಬಿಸಿದರೂ ಏಳದಂಥ ಮಂಪರು ಬಂದರೆ, ಉಸಿರಾಟ ಕಷ್ಟವಾದರೆ ತಡ ಮಾಡಬೇಡಿ. ಆಸ್ಪತ್ರೆಗೆ ಓಡಿ. ಏನು ತಿಂದಿದೆ ಅಂತ ಡಾಕ್ಟರಿಗೆ ನಿಜ ಹೇಳಿ. ನಾಚಿಕೆ ಪಟ್ಟು ಮುಚ್ಚಿಟ್ಟರೆ ಮಗುವಿಗೆ ಕಷ್ಟ.

ದಿನಾ ಸೇದಿದರೆ ಏನಾಗುತ್ತೆ?

ಮೊದಲು ಎದೆ. ಸುಟ್ಟ ಹೊಗೆ ಯಾವುದಾದರೂ ಹೊಗೆಯೇ. ಬೀಡಿ ಹೊಗೆಯ ಹಾಗೆ ಗಾಂಜಾ ಹೊಗೆಯಲ್ಲೂ ಟಾರು ಇದೆ. ಗಾಂಜಾ ಸೇದುವವರು ಹೊಗೆಯನ್ನು ಆಳಕ್ಕೆ ಎಳೆದು, ಒಳಗೇ ಹಿಡಿದಿಡುತ್ತಾರೆ. ಕೆಮ್ಮು, ಕಫ, ಗೊರಗೊರ ಉಸಿರು ಶುರುವಾಗುತ್ತದೆ. ಬಹಳ ಜನ ಇದಕ್ಕೆ ಹೊಗೆಸೊಪ್ಪು ಬೆರೆಸಿ ಸೇದುತ್ತಾರೆ. ಆಗ ಎರಡು ಚಟ ಒಟ್ಟಿಗೆ ಅಂಟುತ್ತವೆ.

ಎರಡನೆಯದು ನೆನಪು. ಒದ್ದೆ ಸ್ಲೇಟಿನ ಮೇಲೆ ಬಳಪದಲ್ಲಿ ಬರೆದರೆ ಅಕ್ಷರ ಮೂಡುತ್ತಾ? ಮೂಡಲ್ಲ. ಅಮಲಿನಲ್ಲಿರುವ ಮಿದುಳೂ ಹಾಗೇ. ಕೇಳಿದ್ದು ನಿಲ್ಲಲ್ಲ. ಓದಿದ್ದು ಹತ್ತಲ್ಲ. ಚೆನ್ನಾಗಿ ಓದುತ್ತಿದ್ದ ಹುಡುಗ ಇದ್ದಕ್ಕಿದ್ದ ಹಾಗೆ ಫೇಲಾದರೆ ಸೋಮಾರಿ ಅಂತ ಬೈಯುವ ಮೊದಲು ಕಾರಣ ಹುಡುಕಿ.

ಮೂರನೆಯದು ಹೊಟ್ಟೆ. ವರ್ಷಗಟ್ಟಲೆ ದಿನಾ ಸೇದುವ ಕೆಲವರಿಗೆ ಬಿಟ್ಟು ಬಿಟ್ಟು ವಿಪರೀತ ವಾಂತಿ ಬರುತ್ತದೆ. ಬಿಸಿ ನೀರು ಹುಯ್ದುಕೊಂಡರೆ ಸ್ವಲ್ಪ ಹೊತ್ತು ತಗ್ಗುತ್ತದೆ. ಮತ್ತೆ ಬರುತ್ತದೆ. ಗಾಂಜಾ ಬಿಟ್ಟರೆ ಮಾತ್ರ ಇದು ನಿಲ್ಲುತ್ತದೆ.

ನಾಲ್ಕನೆಯದು ಬಸುರಿ ಹೆಂಗಸರ ಮಾತು. ಬಸುರಿಯಾದಾಗ ಗಾಂಜಾ ಸೇದಿದರೆ, ಭಂಗಿ ಕುಡಿದರೆ ಅಮಲು ಹೊಟ್ಟೆಯ ಮಗುವಿಗೂ ಹೋಗುತ್ತದೆ. ಮಗುವಿನ ತೂಕ ಕಡಿಮೆಯಾಗಬಹುದು. ಎದೆಹಾಲಿನಲ್ಲೂ ಅಮಲು ಸೇರುತ್ತದೆ. ಹಬ್ಬದ ಪಾನಕ ಅಂತ ಯಾರಾದರೂ ಭಂಗಿ ಕೊಟ್ಟರೆ ಬಸುರಿ, ಬಾಣಂತಿಯರು ಬೇಡ ಅನ್ನಬೇಕು.

ಎಳೆ ಸಸಿಗೆ ಹೆಚ್ಚು ಪೆಟ್ಟು

ಬೆಳೆದ ಮರದ ಕೊಂಬೆಯನ್ನು ಮೇಕೆ ಮೇಯ್ದರೆ ಮತ್ತೆ ಚಿಗುರುತ್ತದೆ. ಎಳೆ ಸಸಿಯ ಸುಳಿಯನ್ನೇ ಮೇಯ್ದರೆ? ಗಿಡ ಮುರುಟಿಕೊಳ್ಳುತ್ತದೆ.

ಮನುಷ್ಯರ ಮಿದುಳು 25 ವರ್ಷದವರೆಗೂ ಬೆಳೆಯುತ್ತಾ, ಬಲಿಯುತ್ತಾ ಇರುತ್ತದೆ. ಮೀಸೆ ಬಂದರೂ ಮಿದುಳು ಇನ್ನೂ ಎಳೆಯದೇ. ಅದಕ್ಕೇ 14, 15, 16 ವರ್ಷಕ್ಕೆ ಗಾಂಜಾ ಶುರು ಮಾಡಿದವರಿಗೆ ಪೆಟ್ಟು ಹೆಚ್ಚು. ಗಾಂಜಾ ಸೇದಿ ನೋಡಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಚಟ ಹತ್ತುತ್ತದೆ. ಹದಿಹರೆಯದಲ್ಲಿ ಶುರು ಮಾಡಿದರೆ ಆರರಲ್ಲಿ ಒಬ್ಬರಿಗೆ ಹತ್ತುತ್ತದೆ.

ಇನ್ನೊಂದು ದೊಡ್ಡ ಅಪಾಯ ಇದೆ. ಅದು ಬುದ್ಧಿ ಕದಡುವುದು. ಇಲ್ಲದ ದನಿ ಕೇಳುತ್ತದೆ. ಎಲ್ಲರ ಮೇಲೂ ಅನುಮಾನ ಬರುತ್ತದೆ. ಊಟದಲ್ಲಿ ವಿಷ ಇದೆ ಅನಿಸುತ್ತದೆ. ಇದು ಗಾಳಿಯೂ ಅಲ್ಲ, ದೆವ್ವವೂ ಅಲ್ಲ. ಇದು ಮಿದುಳಿನ ಕಾಯಿಲೆ.

ಸ್ವೀಡನ್ ದೇಶದಲ್ಲಿ ಒಂದು ಅಧ್ಯಯನ ಮಾಡಿದರು. 1969-70ರಲ್ಲಿ ಸೈನ್ಯಕ್ಕೆ ಬಂದ ಸುಮಾರು 45,000 ಯುವಕರನ್ನು 15 ವರ್ಷ ಗಮನಿಸಿದರು. 1987ರಲ್ಲಿ ಫಲಿತಾಂಶ ಹೊರಬಂತು. 50ಕ್ಕಿಂತ ಹೆಚ್ಚು ಸಲ ಗಾಂಜಾ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ, ಸೇದದವರಿಗಿಂತ ಆರು ಪಟ್ಟು ಹೆಚ್ಚಾಗಿತ್ತು.

ಇಲ್ಲಿ ಒಂದು ಮಾತು ಸರಿಯಾಗಿ ತಿಳಿಯಬೇಕು. ಸೇದಿದವರಿಗೆಲ್ಲ ಹೀಗಾಗುವುದಿಲ್ಲ. ಸೇದದವರಿಗೂ ಈ ಕಾಯಿಲೆ ಬರಬಹುದು. ಆದರೆ ಬಹಳ ಸಲ ಸೇದುವವರಿಗೆ, ಚಿಕ್ಕ ವಯಸ್ಸಿನಲ್ಲಿ ಶುರು ಮಾಡಿದವರಿಗೆ, ಮನೆತನದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು. ಯಾರಿಗೆ ಬರುತ್ತೆ, ಯಾರಿಗೆ ಬರಲ್ಲ ಅಂತ ಮುಂಚೆ ಹೇಳಲು ಆಗುವುದಿಲ್ಲ.

ನೀವು ಕೇಳುವ ಪ್ರಶ್ನೆಗಳು

“ನಮ್ಮಜ್ಜ ಚಿಲುಮೆ ಸೇದ್ತಿದ್ರು. 80 ವರ್ಷ ಬದುಕಿದ್ರು. ಅವರಿಗೇನೂ ಆಗಲಿಲ್ವಲ್ಲ?”

ಬೀಡಿ ಸೇದಿ 80 ವರ್ಷ ಬದುಕಿದವರೂ ಇದ್ದಾರೆ. ಹಾಗಂತ ಬೀಡಿ ಒಳ್ಳೆಯದಾಯಿತೆ? ಬದುಕಿ ಉಳಿದವರು ನಮ್ಮ ಕಣ್ಣಿಗೆ ಕಾಣುತ್ತಾರೆ. ಕೆಟ್ಟುಹೋದವರನ್ನು ಊರು ಮರೆಯುತ್ತದೆ. ಅಜ್ಜ ಸೇದಲು ಶುರು ಮಾಡಿದ್ದು ಎಷ್ಟನೇ ವಯಸ್ಸಿಗೆ? ನಿಮ್ಮ ಮೊಮ್ಮಗ ಎಷ್ಟನೇ ವಯಸ್ಸಿಗೆ? ಅದನ್ನೂ ಯೋಚಿಸಿ.

“ಸಾಧುಗಳು ಸೇದ್ತಾರಲ್ಲ? ದೇವರ ಸೊಪ್ಪು ಅಂತಾರಲ್ಲ?”

ಭಕ್ತಿ ನಮ್ಮ ಮನಸ್ಸಿನದು. ಮಿದುಳಿಗೆ ದೇವರ ಹೆಸರಿನ ಹೊಗೆ, ಚಟದ ಹೊಗೆ ಅಂತ ಭೇದ ಗೊತ್ತಾಗಲ್ಲ.

“ಇದರಿಂದ ಔಷಧಿ ಮಾಡ್ತಾರಂತೆ. ಹಾಗಿದ್ರೆ ಒಳ್ಳೇದೇ ಅಲ್ವಾ?”

ಮಾಡುತ್ತಾರೆ, ನಿಜ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬರುವ ವಾಂತಿಗೆ, ಮಕ್ಕಳಿಗೆ ಬರುವ ಕೆಲವು ಬಗೆಯ ಮೂರ್ಛೆ ರೋಗಕ್ಕೆ ಇದರೊಳಗಿನ ಪದಾರ್ಥದಿಂದ ಔಷಧಿ ಮಾಡಿದ್ದಾರೆ. ಅದನ್ನು ಡಾಕ್ಟರು ಅಳತೆ ಮಾಡಿ ಕೊಡುತ್ತಾರೆ. ಹಾವಿನ ವಿಷ ಬಳಸಿಯೇ ಹಾವಿನ ಕಡಿತಕ್ಕೆ ಮದ್ದು ಮಾಡುತ್ತಾರೆ. ಹಾಗಂತ ಹಾವಿನ ಬಾಯಿಗೆ ಬೆರಳು ಇಡ್ತೀವಾ?

“ಮದುವೆ ಮಾಡಿದ್ರೆ ಸರಿ ಹೋಗ್ತಾನೆ ಅಂತಾರೆ. ಮಾಡಿಬಿಡೋಣ್ವಾ?”

ಬೇಡ, ತಾಯಿ. ಮದುವೆ ಮದ್ದಲ್ಲ. ನಿಮ್ಮ ಮಗ ಸರಿ ಹೋಗದಿದ್ದರೆ ಇನ್ನೊಬ್ಬರ ಮಗಳ ಬಾಳೂ ಹೋಗುತ್ತದೆ. ಮೊದಲು ಚಿಕಿತ್ಸೆ. ಮದುವೆ ಆಮೇಲೆ.

ಬಿಡುವುದು ಹೇಗೆ?

ಗಾಂಜಾ ಬಿಟ್ಟ ಒಂದೆರಡು ದಿನಕ್ಕೆ ಸಿಡಿಮಿಡಿ ಶುರುವಾಗುತ್ತದೆ. ನಿದ್ದೆ ಬರಲ್ಲ. ಊಟ ಸೇರಲ್ಲ. ಮೈ ಬೆವರುತ್ತದೆ. ಕೆಟ್ಟ ಕನಸು ಬೀಳುತ್ತವೆ. ಮೊದಲ ವಾರ ಬಹಳ ಕಷ್ಟ. ಎರಡು ಮೂರು ವಾರಕ್ಕೆ ಹೆಚ್ಚಿನದೆಲ್ಲ ತಗ್ಗುತ್ತದೆ. ಇದು ಮನೆಯವರಿಗೆ ಗೊತ್ತಿರಬೇಕು. ಆ ಸಿಟ್ಟು ಅವನ ಗುಣವಲ್ಲ. ಮೈಯಿಂದ ಅಮಲು ಇಳಿಯುವ ಕಷ್ಟ.

ಎಣ್ಣೆ ಮಡಕೆಯನ್ನು ಎಷ್ಟು ತೊಳೆದರೂ ಜಿಡ್ಡು ಉಳಿಯುತ್ತದೆ. ಟಿ.ಎಚ್.ಸಿ. ಕೂಡ ಮೈಯ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ದಿನಾ ಸೇದುತ್ತಿದ್ದವನು ಬಿಟ್ಟ ಮೇಲೂ ಕೆಲವು ವಾರ ಅದರ ಗುರುತು ಮೂತ್ರದಲ್ಲಿ ಕಾಣುತ್ತದೆ. ಆದ್ದರಿಂದ ತಾಳ್ಮೆ ಬೇಕು.

ಗಾಂಜಾ ಚಟ ಬಿಡಿಸಲು ಅಂತಲೇ ಒಂದು ಗುಳಿಗೆ ಇಲ್ಲ. ಯಾರಾದರೂ ಗುಟ್ಟಿನ ಪುಡಿ ಕೊಡ್ತೀನಿ, ಸಾರಿಗೆ ಬೆರೆಸಿ ಅಂದರೆ ನಂಬಬೇಡಿ. ಆಪ್ತ ಸಲಹೆಯೇ ಇದಕ್ಕೆ ದೊಡ್ಡ ಚಿಕಿತ್ಸೆ. ಅಂದರೆ ತಿಳಿದವರು ಕೂರಿಸಿಕೊಂಡು, ಯಾಕೆ ಸೇದುತ್ತಾನೆ, ಯಾವಾಗ ಆಸೆ ಬರುತ್ತದೆ, ಆಗ ಏನು ಮಾಡಬೇಕು ಅಂತ ಮಾತಾಡಿ ದಾರಿ ತೋರಿಸುವುದು. ನಿದ್ದೆಗೆ, ಭಯಕ್ಕೆ, ಬುದ್ಧಿ ಕದಡಿದ್ದಕ್ಕೆ ಡಾಕ್ಟರು ಬೇರೆ ಔಷಧಿ ಕೊಡುತ್ತಾರೆ. ಆ ಔಷಧಿಯನ್ನು ನಮ್ಮಷ್ಟಕ್ಕೆ ನಾವೇ ನಿಲ್ಲಿಸಬಾರದು.

ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ಮಾನಸಿಕ ಕಾಯಿಲೆಗೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಿಗಬೇಕು ಅಂತ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರ ಸುಮಾರಿಗೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಕೆಲಸ ಶುರು ಮಾಡಿತು. ಅದೇ ಮಾದರಿಯನ್ನು 1996ರಿಂದ ದೇಶದ ಬೇರೆ ಜಿಲ್ಲೆಗಳಿಗೂ ತಂದರು. ಇದು ನಮಗಾಗಿ ಇರುವ ವ್ಯವಸ್ಥೆ. ನಾವು ಬಳಸಬೇಕು.

ಫೋನಿನಲ್ಲೂ ಕೇಳಬಹುದು. ಈ ಎರಡು ನಂಬರು ಬರೆದಿಟ್ಟುಕೊಳ್ಳಿ.

14416 – ಟೆಲಿ ಮನಸ್. ಮನಸ್ಸಿನ ತೊಂದರೆಗೆ. ಹಗಲು ರಾತ್ರಿ ಸಿಗುತ್ತದೆ. ಕನ್ನಡದಲ್ಲೇ ಮಾತಾಡಬಹುದು.

14446 – ಮಾದಕ ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ.

ಎರಡಕ್ಕೂ ದುಡ್ಡು ಹೋಗುವುದಿಲ್ಲ.

“ಆಸ್ಪತ್ರೆಗೆ ಹೋದ್ರೆ ಪೊಲೀಸರು ಹಿಡೀತಾರಾ?”

ಈ ಭಯದಿಂದಲೇ ಬಹಳ ತಾಯಂದಿರು ಮುಚ್ಚಿಡುತ್ತಾರೆ. ಕಾನೂನು ಏನು ಹೇಳುತ್ತದೆ ಅಂತ ತಿಳಿಯೋಣ.

ಮಾದಕ ವಸ್ತುಗಳ ಕಾಯ್ದೆ 1985ರಲ್ಲಿ ಬಂತು. ಗಾಂಜಾ ಸೇದುವುದು ಅಪರಾಧ. ಆರು ತಿಂಗಳವರೆಗೆ ಜೈಲು ಇಲ್ಲವೆ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಗಾಂಜಾ ಗಿಡ ಬೆಳೆದರೆ 10 ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಹೊಲದ ನಡುವೆ ನಾಲ್ಕು ಗಿಡ ನೆಡಿ, ದುಡ್ಡು ಕೊಡ್ತೀವಿ ಅಂತ ಯಾರಾದರೂ ಬಂದರೆ ಒಪ್ಪಬೇಡಿ. ಅವರು ದುಡ್ಡು ಎಣಿಸುತ್ತಾರೆ. ಕೇಸು ಬೀಳುವುದು ನಿಮ್ಮ ಮೇಲೆ.

ಆದರೆ ಅದೇ ಕಾಯ್ದೆಯಲ್ಲಿ 64ಎ ಅಂತ ಒಂದು ಕಲಂ ಇದೆ. ಚಟಕ್ಕೆ ಬಿದ್ದವನು ತಾನಾಗಿಯೇ ಸರ್ಕಾರಿ ಆಸ್ಪತ್ರೆಗೋ, ಸರ್ಕಾರ ಮಾನ್ಯ ಮಾಡಿದ ಕೇಂದ್ರಕ್ಕೋ ಹೋಗಿ ಚಿಕಿತ್ಸೆ ಕೇಳಿದರೆ, ಸೇದಿದ ತಪ್ಪಿಗೆ ಶಿಕ್ಷೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆಯನ್ನು ಪೂರ್ತಿ ಪಡೆಯಬೇಕು, ಅಷ್ಟೆ. ಮಾರುವವರಿಗೆ ಈ ರಕ್ಷಣೆ ಇಲ್ಲ.

ಮನೆಯಲ್ಲಿ ನಾವೇನು ಮಾಡಬೇಕು?

ಅಮಲಿನಲ್ಲಿ ಇರುವಾಗ ಜಗಳ ಬೇಡ. ಬೆಳಿಗ್ಗೆ ಇಳಿದ ಮೇಲೆ ಮಾತಾಡಿ.

ಹೊಡೆಯಬೇಡಿ. ಕಟ್ಟಿ ಹಾಕಬೇಡಿ. ಊರ ಮುಂದೆ ಮಾನ ಕಳೆಯಬೇಡಿ. ಅವಮಾನವಾದ ಹುಡುಗ ಮತ್ತೆ ಕೆರೆ ಏರಿಗೇ ಹೋಗುತ್ತಾನೆ.

ಲೆಕ್ಕವಿಲ್ಲದೆ ಕೈಗೆ ದುಡ್ಡು ಕೊಡಬೇಡಿ. ಊಟ ಕೊಡಿ, ಪ್ರೀತಿ ಕೊಡಿ.

ಮತ್ತೆ ಒಂದು ಸಲ ಸೇದಿಬಿಟ್ಟರೆ “ಎಲ್ಲಾ ಮುಗೀತು” ಅನ್ನಬೇಡಿ. ಮಗು ನಡೆಯಲು ಕಲಿಯುವಾಗ ಎಷ್ಟು ಸಲ ಬೀಳುತ್ತದೆ? ಎತ್ತಿ ನಿಲ್ಲಿಸುತ್ತೀವಿ. ಇಲ್ಲೂ ಹಾಗೇ.

ಸಾಯ್ತೀನಿ ಅಂದರೆ, ಯಾರನ್ನಾದರೂ ಹೊಡೆಯಲು ಹೋದರೆ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಆ ತಾಯಿ ಈಗ

ಆ ಅಕ್ಕನ ಮಗ ಎರಡು ವಾರ ಆಸ್ಪತ್ರೆಯಲ್ಲಿದ್ದ. ಗುಳಿಗೆ ತೆಗೆದುಕೊಳ್ಳುತ್ತಾ ಬಂದ ಮೇಲೆ ಅನುಮಾನ ಕಡಿಮೆಯಾಯಿತು. ನಿದ್ದೆ ಬಂತು. ಒಂದು ದಿನ ತಟ್ಟೆ ಮುಂದೆ ಕೂತು “ಅಮ್ಮ, ಇನ್ನೊಂದು ಚೂರು ಸಾರು ಹಾಕು” ಅಂದನಂತೆ. ಅದನ್ನು ಹೇಳುವಾಗ ಆ ಅಕ್ಕ ಅತ್ತರು.

ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ನಡುವೆ ಒಂದು ಸಲ ಮತ್ತೆ ಸೇದಿದ್ದ. ಕಾಯಿಲೆ ಮರುಕಳಿಸಿತ್ತು. ಮತ್ತೆ ಕರೆದುಕೊಂಡು ಹೋದರು. ಈಗ ವಾರದಲ್ಲಿ ನಾಲ್ಕು ದಿನ ಗಾರೆ ಕೆಲಸಕ್ಕೆ ಹೋಗುತ್ತಾನೆ. ಡಾಕ್ಟರು ಇನ್ನೂ ಗುಳಿಗೆ ನಿಲ್ಲಿಸಿಲ್ಲ. “ಆರು ತಿಂಗಳು ಮುಂಚೆ ಬಂದಿದ್ದರೆ ಇನ್ನೂ ಸುಲಭ ಇತ್ತು” ಅಂತ ಅವರು ಹೇಳಿದ್ದನ್ನು ತಾಯಿ ಮರೆತಿಲ್ಲ.

ಆ ಅಕ್ಕ ಮತ್ತೆ ಕೇಂದ್ರಕ್ಕೆ ಬರುತ್ತಿದ್ದಾರೆ. ಆಸ್ಪತ್ರೆಯ ಚೀಟಿಯಲ್ಲಿ ತಾರೀಕು ಓದುತ್ತಾರೆ. ಬೆಳಗಿನ ಗುಳಿಗೆ ಯಾವುದು, ರಾತ್ರಿಯದು ಯಾವುದು ಅಂತ ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿದ್ದಾರೆ. ಮನೆಯ ಗೋಡೆಯ ಮೇಲೆ ಇದ್ದಿಲಲ್ಲಿ 14416 ಅಂತ ಬರೆದಿದ್ದಾರೆ. ಯಾರಿಂದಲೂ ಬರೆಸಿದ್ದಲ್ಲ. ತಾವೇ ಬರೆದದ್ದು.

ನೆನಪಿಡಿ

ಗಾಂಜಾ ಬರೀ ಸೊಪ್ಪಲ್ಲ. ಅಮಲು ಪದಾರ್ಥ.
ಎಳೆ ವಯಸ್ಸಿಗೆ ಅದರ ಪೆಟ್ಟು ಹೆಚ್ಚು.
ಬುದ್ಧಿ ಕದಡಿದರೆ ಅದು ದೆವ್ವವಲ್ಲ, ಕಾಯಿಲೆ.
ಬೇಗ ಹೋದಷ್ಟೂ ಗುಣವಾಗುವುದು ಸುಲಭ.
ಮುಚ್ಚಿಡಬೇಡಿ. ಕೇಳಿ. ಕರೆದುಕೊಂಡು ಹೋಗಿ.

ಕೂಡಿ ಮಾತಾಡಿ

1. ನಿಮ್ಮ ಊರಿನಲ್ಲಿ ಹುಡುಗರು ಗಾಂಜಾ ಸೇದುವುದನ್ನು ನೋಡಿದ್ದೀರಾ? ದೊಡ್ಡವರು ಏನು ಮಾಡಿದರು?
2. ಆ ತಾಯಿ ಆರು ತಿಂಗಳು ಯಾಕೆ ಆಸ್ಪತ್ರೆಗೆ ಹೋಗಲಿಲ್ಲ?
3. 14416 ಮತ್ತು 14446 ಈ ಎರಡು ನಂಬರನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಯಾವುದು ಯಾತಕ್ಕೆ ಅಂತ ಪಕ್ಕದ ಮನೆಯವರಿಗೆ ಓದಿ ಹೇಳಿ.